ಕಂಡಕ್ಟರ್ ಅಜ್ಜಿಯ ನೀಲಿ ಹಾಳೆ

"ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ನಡೀರಿ! ಒಳಗೆ ಸೀಟು ಖಾಲಿ ಇದೆ!"

ಬೆಲ್ ಒತ್ತಿದ ಕೂಡಲೇ ಒಳಗಿನಿಂದ ಬಂದ ಆ ಕೂಗಿಗೆ ಗಿಲಕಿ ಒಂದು ಹೆಜ್ಜೆ ಹಿಂದಕ್ಕೆ ಹಾರಿದಳು. ಅಮ್ಮನ ಕೈಯಲ್ಲಿದ್ದ ನೀಲಿ ಹಾಳೆ ನೆಲಕ್ಕೆ ಬಿತ್ತು.

"ಅಮ್ಮ, ಇವರು ತುಂಬಾ ವೀಕ್ ಅಂತ ನೀನು ಅಂದಿದ್ದೆ!" ಗಿಲಕಿ ಪಿಸುಗುಟ್ಟಿದಳು.

"ಹಾಗಂತ ನಾನೆಲ್ಲಿ ಅಂದೆ? ಒಂಟಿಯಾಗಿದ್ದಾರೆ ಅಂದೆ. ನೀನು ಸ್ವಲ್ಪ ಬಾಯಿ ಮುಚ್ಕೊಂಡಿರು. ಮೊದಲು ಅವರು ಮಾತಾಡಲಿ."

ಬಾಯಿ ಮುಚ್ಚಿಕೊಂಡಿರುವುದು ಗಿಲಕಿಗೆ ಆಗದ ಕೆಲಸ. ಹುಟ್ಟಿದಂದಿನಿಂದ ಸದ್ದು ಮಾಡುತ್ತಲೇ ಇದ್ದಾಳೆ ಎಂದು ಅಪ್ಪ ಇಟ್ಟ ಅಡ್ಡಹೆಸರು ಅದು. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಆದರೆ ಟೀಚರ್ ಕೂಡ ಒಮ್ಮೊಮ್ಮೆ ಮರೆತು ಗಿಲಕಿ ಎಂದೇ ಕೂಗುತ್ತಾರೆ.

ಇಲ್ಲಿಗೆ ಅವರನ್ನು ಕಳಿಸಿದ್ದು ಲೈಬ್ರರಿಯವರು. ಲೈಬ್ರರಿಯಲ್ಲಿ 'ಶನಿವಾರದ ಜೊತೆ' ಎಂಬ ಕಾರ್ಯಕ್ರಮವಿತ್ತು. ಒಂಟಿಯಾಗಿರುವವರ ಮನೆಗೆ ವಾರಕ್ಕೊಮ್ಮೆ ಹೋಗಿ, ಒಂದು ಗಂಟೆ ಕೂತು ಮಾತಾಡಿಸಿ ಬರುವುದು. ಹೋಗಿ ಮಾತಾಡಿಸುವವರು ನೀಲಿ ಫಾರಂ ತುಂಬಬೇಕು. ನಮ್ಮ ಮನೆಗೆ ಯಾರಾದರೂ ಬರಲಿ ಎನ್ನುವವರು ಹಳದಿ ಫಾರಂ ತುಂಬಬೇಕು.

ಅಮ್ಮ ತುಂಬಿದ್ದು ನೀಲಿ. ಅದರ ಜೊತೆ ಏನು ಮಾಡಬೇಕು, ಏನು ಮಾಡಬಾರದು ಎಂದು ಅಚ್ಚು ಮಾಡಿದ ಒಂದು ನೀಲಿ ಹಾಳೆ ಸಿಕ್ಕಿತ್ತು. ಅಮ್ಮ ಅದನ್ನು ಪರೀಕ್ಷೆಗೆ ಓದುವ ಹಾಗೆ ಓದಿಕೊಂಡಿದ್ದಳು.

ಬಾಗಿಲು ತೆರೆಯಿತು. ಕುಳ್ಳಗೆ, ದುಂಡಗೆ ಇದ್ದ ಅಜ್ಜಿಯೊಬ್ಬರು ಒಂದು ಕೈಯಲ್ಲಿ ಕೋಲು ಹಿಡಿದು ಇನ್ನೊಂದು ಕೈಯಲ್ಲಿ ಒಳಗೆ ದಾರಿ ತೋರಿಸುತ್ತಿದ್ದರು.

"ನಮಸ್ಕಾರ ಮೇಡಂ," ಎಂದಳು ಅಮ್ಮ.

"ಅಯ್ಯೋ, ಮೇಡಂ ಅನ್ಬೇಡಮ್ಮ! ಟಿಕೆಟ್ ಚೆಕಿಂಗಿಗೆ ಬರೋರನ್ನ ನಾವು ಮೇಡಂ ಅಂತಿದ್ವಿ. ಈಗಲೂ ಎದೆ ಢವಢವ ಅನ್ನತ್ತೆ. ಮೂವತ್ತೊಂದು ವರ್ಷ ಸಿಟಿ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೋಳು ನಾನು. ಈ ಬೀದಿಯವರೆಲ್ಲ ಕಂಡಕ್ಟರ್ ಅಜ್ಜಿ ಅಂತಾರೆ. ಕಿಟಕಿ ಪಕ್ಕದ ಸೀಟು ಯಾರಿಗೆ?"

"ನನಗೆ!" ಎಂದಳು ಗಿಲಕಿ.

ಮೂವರೂ ಕೂತರು. ಅಮ್ಮ ನೀಲಿ ಹಾಳೆಯನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು. ನಿಧಾನವಾಗಿ ಮಾತಾಡಿ. ಈ ವಾರ ಹೇಗಿತ್ತು ಎಂದು ವಿಚಾರಿಸಿ. ಗಡಿಯಾರ ನೋಡಬೇಡಿ.

"ಈ... ವಾರ... ಹೇಗಿತ್ತು?"

ಕೇಳಿದ್ದು ಅಮ್ಮ ಒಬ್ಬಳೇ ಅಲ್ಲ. ಅಜ್ಜಿಯೂ ಅದೇ ಹೊತ್ತಿಗೆ, ಅಷ್ಟೇ ನಿಧಾನವಾಗಿ, ಅದನ್ನೇ ಕೇಳಿದ್ದರು.

"ನೀವು ಹೇಳಿ," ಎಂದಳು ಅಮ್ಮ.

"ಇಲ್ಲಮ್ಮ, ನೀನು ಹೇಳು. ನಾನು ಕೇಳಿಸ್ಕೊಳ್ತೀನಿ."

"ಛೆ, ನೀವು ಮೊದಲು."

"ಅವಸರ ಏನಿಲ್ಲ. ನಿಂಗೆ ಮನಸ್ಸು ಬಂದಾಗ ಹೇಳು."

ಗಿಲಕಿ ಅಮ್ಮನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. "ಯಾರೂ ಹೇಳಲ್ವಾ? ಹಾಗಾದ್ರೆ ನಾನು ಹೇಳ್ತೀನಿ," ಎಂದು ಶುರು ಮಾಡಿದಳು. ಕ್ಲಾಸಿನಲ್ಲಿ ಎಲ್ಲರೂ ಮಿಡತೆ ಎಂದು ಕರೆಯುವ ಹುಡುಗ ಜಾಮಿಟ್ರಿ ಬಾಕ್ಸಿನಲ್ಲಿ ನಿಜವಾದ ಮಿಡತೆ ತಂದದ್ದು, ಅದು ಹಾರಿ ಹೋಗಿ ಹೆಡ್‌ಮಿಸ್ ತಲೆಯ ಮೇಲೆ ಕೂತದ್ದು, ಅದನ್ನು ಅವರಿಗೆ ಯಾರು ಹೇಳಬೇಕು ಎಂದು ಇಡೀ ಕ್ಲಾಸು ಒಬ್ಬರನ್ನೊಬ್ಬರು ತಳ್ಳಿದ್ದು. ಅದು ಮುಗಿಯುವಷ್ಟರಲ್ಲಿ ಐದು ಗಂಟೆ.

ಎರಡನೇ ಶನಿವಾರ ಅಜ್ಜಿಯ ಸರದಿ. ಒಮ್ಮೆ ಯಾರೋ ಆಳೆತ್ತರದ ಕನ್ನಡಿಯನ್ನು ಬಸ್ಸಿಗೆ ಹತ್ತಿಸಿದರಂತೆ. ಹತ್ತಿದವರೆಲ್ಲ ಅದರ ಮುಂದೆ ನಿಂತು ತಲೆ ಬಾಚಿಕೊಂಡರಂತೆ. ಒಬ್ಬರೂ ಮುಂದೆ ಹೋಗಲಿಲ್ಲವಂತೆ.

ಮೂರನೇ ಶನಿವಾರ ಬೆಕ್ಕಿನ ಕತೆ. ದಿನಾ ಮಾರ್ಕೆಟ್ ಸ್ಟಾಪಿನಲ್ಲಿ ಹತ್ತಿ, ಮೀನಂಗಡಿ ಸ್ಟಾಪಿನಲ್ಲಿ ಇಳಿಯುತ್ತಿದ್ದ ಬೆಕ್ಕು. "ಒಂದಿನ ಡ್ರೈವರ್ ಮೀನಂಗಡಿ ಹತ್ರ ನಿಲ್ಲಿಸದೇ ಹೋದ. ಬೆಕ್ಕು ಸೀದಾ ಹೋಗಿ ಅವನ ಪಕ್ಕ ಕೂತು ಒಂದು ನೋಟ ನೋಡ್ತು ನೋಡಿ! ಪಾಪ, ಅವನು ಬಸ್ಸು ರಿವರ್ಸ್ ತಗೊಂಡ."

ಅಮ್ಮ ನಕ್ಕಳು. ಜೋರಾಗಿ, ಮೂಗಿನಿಂದ ಪುರ್ರ್ ಎಂದು ಸದ್ದು ಬರುವ ಹಾಗೆ. ಗಿಲಕಿ ತಿರುಗಿ ನೋಡಿದಳು. ಅಮ್ಮ ಹಾಗೂ ನಗುತ್ತಾಳೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಅವರು ಈ ಊರಿಗೆ ಬಂದು ಎಂಟು ತಿಂಗಳಾಗಿತ್ತು. ಅಪ್ಪ ಲಾರಿ ಓಡಿಸುತ್ತಿದ್ದ. ಮನೆಗೆ ಬರುವುದು ಭಾನುವಾರಕ್ಕೆ. ಅಮ್ಮ ಮನೆಯಲ್ಲೇ ಮಕ್ಕಳ ಸ್ಕೂಲ್ ಯೂನಿಫಾರಂ ಹೊಲಿಯುತ್ತಿದ್ದಳು. ಅಂಗಡಿಯವರು ಬಾಗಿಲಿಗೆ ಕತ್ತರಿಸಿದ ಬಟ್ಟೆಯ ಗಂಟು ತಂದಿಡುತ್ತಿದ್ದರು, ಹೊಲಿದ ಗಂಟು ತೆಗೆದುಕೊಂಡು ಹೋಗುತ್ತಿದ್ದರು. ದಿನವಿಡೀ ಮೆಷಿನ್ನಿನ ಕಟಕಟ ಸದ್ದು.

ಶನಿವಾರ ಮಾತ್ರ ಮೂರು ಗಂಟೆಗೇ ಮೆಷಿನ್ ನಿಲ್ಲುತ್ತಿತ್ತು. ಅಮ್ಮ ಮುಖ ತೊಳೆದು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಮೂರೂವರೆಗೇ ಚಪ್ಪಲಿ ಮೆಟ್ಟಿ ನಿಂತಿರುತ್ತಿದ್ದಳು.

"ಪಾಪ, ಕಾಯ್ತಿರ್ತಾರೆ," ಎನ್ನುತ್ತಿದ್ದಳು. "ನಾವು ಹೋಗದಿದ್ರೆ ಅವರಿಗೆ ಹೊತ್ತೇ ಹೋಗಲ್ಲ."

ಆರನೇ ಶನಿವಾರ ಗಿಲಕಿ ನೀರು ಕುಡಿಯಲು ಅಜ್ಜಿಯ ಅಡುಗೆಮನೆಗೆ ಹೋದಳು. ಫ್ರಿಜ್ ಮೇಲೆ ಒಂದು ನೀಲಿ ಹಾಳೆ ಅಂಟಿಸಿತ್ತು. ನಿಧಾನವಾಗಿ ಮಾತಾಡಿ. ಈ ವಾರ ಹೇಗಿತ್ತು ಎಂದು ವಿಚಾರಿಸಿ. ಗಡಿಯಾರ ನೋಡಬೇಡಿ.

ಕೆಳಗೆ ಪೆನ್ನಿನಲ್ಲಿ ಬರೆದಿತ್ತು: "ತಾಯಿ: ಮಾತು ಕಡಿಮೆ. ಅವಸರ ಮಾಡಬಾರದು. ಮಗು: ಮಾತಿಗೆ ಬ್ರೇಕ್ ಇಲ್ಲ. ಮೂರನೇ ವಾರ: ತಾಯಿ ನಕ್ಕಳು!!"

ಗಿಲಕಿಗೆ ನಗು ತಡೆಯಲಾಗಲಿಲ್ಲ. ಹಾಳೆಯನ್ನು ಕಿತ್ತುಕೊಂಡು ಹೊರಗೆ ಓಡಿ ಬಂದಳು.

"ಅಜ್ಜಿ, ನಿಮಗ್ಯಾಕೆ ಇದನ್ನ ಕೊಟ್ಟಿದ್ದಾರೆ? ಇದು ನಮ್ಮ ಹಾಳೆ! ಒಂಟಿಯಾಗಿರೋ ಅಜ್ಜಿ ತಾತಂದಿರನ್ನ ಮಾತಾಡಿಸೋಕೆ ಹೋಗೋರಿಗೆ ಕೊಡೋದು!"



"ಯಾರು ಒಂಟಿ ಅಜ್ಜಿ?" ಎಂದು ಕೇಳಿದರು ಕಂಡಕ್ಟರ್ ಅಜ್ಜಿ.

ಗಿಲಕಿಗೆ ಉತ್ತರ ಗೊತ್ತಿತ್ತು. ಜೀವನದಲ್ಲಿ ಮೊದಲ ಸಲ ಬಾಯಿಂದ ಹೊರಡಲಿಲ್ಲ.

ಅಜ್ಜಿ ಅಮ್ಮನ ಕಡೆ ತಿರುಗಿದರು. "ನಾನು ಫಾರಂ ತುಂಬಿದ್ದು ನಿಮ್ಮಂಥವರನ್ನ ಮಾತಾಡಿಸೋಕೆ ಕಣಮ್ಮ. ನಂಗೆ ಮಂಡಿ ನೋವು, ದೂರ ನಡೆಯೋಕಾಗಲ್ಲ ಅಂತ ಬರೆದಿದ್ದೆ. ಅದಕ್ಕೇ ನಿಮ್ಮನ್ನೇ ಇಲ್ಲಿಗೆ ಕಳಿಸ್ತಿದ್ದಾರೆ ಅಂದ್ಕೊಂಡೆ. ಹೊಸ ಊರು, ಯಾರೂ ಪರಿಚಯ ಇಲ್ಲ, ಪಾಪ..."

"ಪಾಪಾನಾ?" ಅಮ್ಮನ ಮುಖ ಕೆಂಪಾಯಿತು. ಅವಳು ಗಿಲಕಿಯ ಕೈಯಿಂದ ಹಾಳೆ ತೆಗೆದುಕೊಂಡು ಪೆನ್ನಿನ ಅಕ್ಷರ ಓದಿದಳು. ಎರಡು ಸಲ ಓದಿದಳು. "ನಮ್ಮನ್ನ ನೋಡಿದ್ರೆ ನಿಮಗೆ ಪಾಪ ಅನ್ನಿಸ್ತಾ?"

"ನನ್ನ ನೋಡಿದ್ರೆ ನಿಂಗೆ ಅನ್ನಿಸ್ಲಿಲ್ವಾ?"

ಇಬ್ಬರೂ ನೆಲ ನೋಡಿದರು. ಆಮೇಲೆ ಅಜ್ಜಿ ಕೋಲು ಊರಿ ಎದ್ದು ನಿಂತರು. "ದಿನಕ್ಕೆ ಸಾವಿರ ಜನರ ಜೊತೆ ಮಾತಾಡಿದೋಳು ನಾನು. ನನ್ನ ಮಾತಾಡಿಸೋಕೆ ಜನ ಕಳಿಸ್ತಾರಂತೆ. ಸರಿ, ಹೊತ್ತಾಯ್ತು."

ನಾಲ್ಕೂವರೆಯೂ ಆಗಿರಲಿಲ್ಲ.

ಸೋಮವಾರ ಲೈಬ್ರರಿ ಆಂಟಿಯ ಫೋನ್ ಬಂತು. ಅವರು ಮಾತಿಗೊಂದು ಸಲ 'ಒಂದ್ನಿಮಿಷ' ಎನ್ನುವವರು. ಅಮ್ಮ ಸ್ಪೀಕರ್ ಹಾಕಿ ಬಟ್ಟೆ ಮಡಿಸುತ್ತಿದ್ದಳು.

"ಸಾರಿ ಮೇಡಂ, ಕಂಡಕ್ಟರ್ ಅಜ್ಜಿ ಫೋನ್ ಮಾಡಿದ್ರು, ನಂದೇ ತಪ್ಪು. ಒಂದ್ನಿಮಿಷ... ಆ ಅಜ್ಜಿ ತುಂಬಿದ್ದು ನೀಲಿ ಫಾರಮ್ಮೇ. ನಾನು ವಯಸ್ಸು ಎಪ್ಪತ್ತೊಂದು ಅಂತ ನೋಡಿದೆ, ಕಣ್ಣು ಮುಚ್ಕೊಂಡು ಹಳದಿ ಫೈಲಿಗೆ ಹಾಕ್ಬಿಟ್ಟೆ. ಮಾತಾಡಿಸೋರ ಮನೆಗೆ ಮಾತಾಡಿಸೋರನ್ನೇ ಕಳಿಸಿದ್ದೀನಿ! ಈಗ ಸರಿ ಮಾಡ್ತೀನಿ. ಮುಂದಿನ ತಿಂಗಳಿಂದ ನಿಮಗೆ ಬೇರೆ ಮನೆ, ಅವರಿಗೆ ಬೇರೆಯವರು. ಓಕೆನಾ?"

"ಓಕೆ," ಎಂದಳು ಅಮ್ಮ.

ಗಿಲಕಿಗೆ ಓಕೆ ಆಗಿರಲಿಲ್ಲ. ತಪ್ಪಾಗಿದ್ದಾಗ ಎಷ್ಟು ಚೆನ್ನಾಗಿತ್ತು. ಸರಿ ಮಾಡಿದರೆ ಶನಿವಾರವೇ ಇಲ್ಲ. ಅಷ್ಟಕ್ಕೂ ಹಾಳೆ ಕಿತ್ತು ತಂದು ಎಲ್ಲ ಹಾಳು ಮಾಡಿದ್ದು ಅವಳೇ.

ಮಂಗಳವಾರ ಅಮ್ಮ ಹದಿನಾಲ್ಕು ಶರ್ಟು ಹೊಲಿದಳು. ಬುಧವಾರ ಹದಿನೇಳು. ಬುಧವಾರ ಸಂಜೆ ಗಿಲಕಿ ಮೆಷಿನ್ನಿನ ಪಕ್ಕ ಕೂತು ಕೇಳಿದಳು.

"ಅಮ್ಮ, ಇಲ್ಲಿ ನಿನ್ನ ಫ್ರೆಂಡ್ ಯಾರು?"

"ನೀನೇ."

"ನಾನು ಲೆಕ್ಕಕ್ಕಿಲ್ಲ."

"ಅಪ್ಪ."

"ಅಪ್ಪನೂ ಲೆಕ್ಕಕ್ಕಿಲ್ಲ. ಬೇರೆ ಯಾರು?"

ಅಮ್ಮ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು. "ಹೋಂವರ್ಕ್ ಆಯ್ತಾ?" ಎಂದಳು. ಮೆಷಿನ್ ಮತ್ತೆ ಕಟಕಟ ಎಂದಿತು.

ಗುರುವಾರ ಶಾಲೆ ಬಿಟ್ಟ ಕೂಡಲೇ ಗಿಲಕಿ ಲೈಬ್ರರಿಗೆ ಹೋದಳು. ಲೈಬ್ರರಿ ಶಾಲೆಯ ಎದುರಿಗೇ ಇತ್ತು.

"ಆಂಟಿ, ಒಂದು ಹಳದಿ ಫಾರಂ ಕೊಡಿ."

"ಒಂದ್ನಿಮಿಷ. ಯಾರಿಗೆ ಪುಟ್ಟಿ? ನಿಮ್ಮ ಅಜ್ಜಿಗಾ?"

ಗಿಲಕಿ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಫಾರಂ ತೆಗೆದುಕೊಂಡು ಮೂಲೆಯ ಮೇಜಿಗೆ ಹೋದಳು. 'ನಿಮ್ಮನ್ನು ಮಾತಾಡಿಸಲು ಯಾರಾದರೂ ಬರಬೇಕೆ?' ಎಂದಿತ್ತು. 'ಹೌದು' ಎಂಬಲ್ಲಿ ಟಿಕ್ ಹಾಕಿದಳು. ಅದರ ಕೆಳಗೆ 'ಹೆಸರು' ಎಂದಿತ್ತು.

ಪೆನ್ನು ಅಲ್ಲೇ ನಿಂತಿತು.

ನೀಲಿ ಹಾಳೆಯ ಕೆಳಗಿನ ಅಕ್ಷರ ಓದುವಾಗ ಅಮ್ಮನ ಮುಖ ಹೇಗಾಗಿತ್ತು ಎಂಬುದು ಅವಳ ಕಣ್ಣ ಮುಂದೆ ಬಂತು. ಆಮೇಲೆ ಅಜ್ಜಿಯ ಮುಖ. ಈಗ ಇನ್ನೊಂದು ಫಾರಮ್ಮಿನಲ್ಲಿ ಅಮ್ಮನನ್ನು ಕೇಳದೇ ಅಮ್ಮನ ಹೆಸರು!

ಗಿಲಕಿ ಫಾರಮ್ಮನ್ನು ನಾಲ್ಕಾಗಿ ಮಡಿಸಿ ಕಸದಬುಟ್ಟಿಗೆ ಹಾಕಿದಳು. ಬ್ಯಾಗು ಹೆಗಲಿಗೇರಿಸಿ ಕಂಡಕ್ಟರ್ ಅಜ್ಜಿಯ ಮನೆಗೆ ನಡೆದಳು. ಮೂರನೇ ತಿರುವಿನಲ್ಲಿ ಮನೆ. ಬೆಲ್ ಒತ್ತಿದಳು.

ಈ ಸಲ ಒಳಗಿನಿಂದ ಕೂಗು ಬರಲಿಲ್ಲ. ಬಾಗಿಲು ಅರ್ಧ ತೆರೆಯಿತು.

"ಸೀಟಿಲ್ಲ," ಎಂದರು ಅಜ್ಜಿ.

"ಪರವಾಗಿಲ್ಲ. ನಿಂತ್ಕೊಂಡೇ ಇರ್ತೀನಿ."

ಅಜ್ಜಿಯ ತುಟಿ ಒಂದು ಕಡೆ ಸ್ವಲ್ಪ ಅಲುಗಿತು. ಆದರೆ ನಗಲಿಲ್ಲ. "ನಿಮ್ಮಮ್ಮ ಕಳಿಸಿದ್ಲಾ?"

"ಇಲ್ಲ. ನಾನೇ ಬಂದೆ. ಸಾರಿ ಅಜ್ಜಿ. ನಿಮ್ಮನ್ನ ಒಂಟಿ ಅಜ್ಜಿ ಅಂದಿದ್ದಕ್ಕೆ. ಹಾಳೆ ಕಿತ್ತಿದ್ದಕ್ಕೆ. ಓದಿದ್ದಕ್ಕೂ."

"ಹ್ಞೂಂ." ಅಜ್ಜಿ ಬಾಗಿಲಿಗೆ ಒರಗಿ ನಿಂತರು. "ಒಂದು ಮಾತು ಹೇಳು. ಆರು ವಾರವೂ ನಿಮ್ಮಮ್ಮ ನನ್ನ ನೋಡಿ ಅಯ್ಯೋ ಪಾಪ ಅಂದ್ಕೊಂಡೇ ಬರ್ತಿದ್ಲಾ?"

ಗಿಲಕಿ ಯೋಚಿಸಿದಳು. ಯೋಚಿಸಿ ಮಾತಾಡುವುದು ಅವಳಿಗೆ ಹೊಸದು, ಅದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು.

"ಬಾಯಲ್ಲಿ ಆರು ವಾರವೂ ಅಂತಿದ್ಲು. ಆದ್ರೆ ನಿಜವಾಗಿ ಅಂದ್ಕೊಂಡಿದ್ದು ಮೊದಲನೇ ವಾರ ಮಾತ್ರ. ಆಮೇಲೆ ಬೆಕ್ಕು ಏನಾಯ್ತು, ಡ್ರೈವರ್ ಏನಂದ ಅಂತ ಕೇಳೋಕೇ ಬರ್ತಿದ್ಲು. ನೀವು?"

"ನಾನಾ?" ಅಜ್ಜಿ ಕೋಲಿನ ತುದಿಯಿಂದ ಹೊಸ್ತಿಲನ್ನು ಕುಟ್ಟಿದರು. "ನಾನೂ ಮೊದಲನೇ ವಾರ ಮಾತ್ರ."

"ಹಾಗಾದ್ರೆ ಈ ಶನಿವಾರ ನಮ್ಮನೆಗೆ ಬನ್ನಿ."

"ಚೆನ್ನಾಗಿದೆ! ಮನೆಯವಳು ಕರೆಯದೇ ಹೋಗೋಳಲ್ಲ ನಾನು. ಪಾಪ ಅಂತ ಯಾರನ್ನೂ ನೋಡೋಕೆ ಹೋಗಲ್ಲ, ಪಾಪ ಅನ್ನಿಸ್ಕೊಳ್ಳೋಕೂ ಹೋಗಲ್ಲ. ಶನಿವಾರ ನಂಗೆ ಸಾವಿರ ಕೆಲಸ."

"ಏನೇನು ಕೆಲಸ?"

ಅಜ್ಜಿ ಕೋಲಿನಿಂದ ಬೀದಿಯ ಕಡೆ ತೋರಿಸಿದರು. "ಲಾಯರ್ ಥರ ಪ್ರಶ್ನೆ ಕೇಳ್ತಾಳೆ! ಮೊದಲು ಮನೆ ಸೇರು. ನಿಮ್ಮಮ್ಮ ಬೀದಿ ನೋಡ್ತಿರ್ತಾಳೆ."

"ನಮ್ಮನೆ ಗೊತ್ತಲ್ಲ? ಬೇಕರಿ ಮೇಲೆ, ಎರಡನೇ ಮಹಡಿ. ಲಿಫ್ಟ್ ಇಲ್ಲ."

"ಗೊತ್ತು. ನೂರು ಸಲ ಹೇಳಿದ್ದೀಯ."

ಬಾಗಿಲು ಮುಚ್ಚಿತು. ಗಿಲಕಿ ದಾರಿಯುದ್ದಕ್ಕೂ ಒಂದು ಕಲ್ಲನ್ನು ಒದೆಯುತ್ತ ಮನೆಗೆ ಬಂದಳು. ಅಮ್ಮ ನಿಜವಾಗಿಯೂ ಬೀದಿ ನೋಡುತ್ತಿದ್ದಳು. ತಡವಾಗಿದ್ದಕ್ಕೆ ಚೆನ್ನಾಗಿ ಬೈಸಿಕೊಂಡದ್ದೂ ಆಯಿತು. ಎಲ್ಲಿಗೆ ಹೋಗಿದ್ದೆ ಎಂದರೆ ಲೈಬ್ರರಿಗೆ ಎಂದಳು. ಅದು ಅರ್ಧ ನಿಜ.

ಶನಿವಾರ ಬಂತು. ಮೂರು ಗಂಟೆಗೆ ಮೆಷಿನ್ ನಿಲ್ಲಲಿಲ್ಲ. ಮೂರೂವರೆಗೂ ನಿಲ್ಲಲಿಲ್ಲ. ನಾಲ್ಕಕ್ಕೆ ಒಂದು ಕ್ಷಣ ನಿಂತಿತು. ಅಮ್ಮ ಗಡಿಯಾರ ನೋಡಿದಳು, ಕಾಲರ್ ತಿರುಗಿಸಿಟ್ಟಳು, ಮತ್ತೆ ಹೊಲಿದಳು.

ನಾಲ್ಕೂ ಇಪ್ಪತ್ತಕ್ಕೆ ಬೆಲ್ ಆಯಿತು.

"ಗಂಟು ತಗೊಳ್ಳೋಕೆ ನಾಳೆ ಬರ್ತೀನಿ ಅಂದಿದ್ರಲ್ಲ," ಎಂದು ಗೊಣಗುತ್ತ ಅಮ್ಮ ಬಾಗಿಲು ತೆರೆದಳು.

ಕಂಡಕ್ಟರ್ ಅಜ್ಜಿ ಗೋಡೆ ಹಿಡಿದು ನಿಂತಿದ್ದರು. ಏದುಸಿರು ಬಿಡುತ್ತಿದ್ದರು. ಹಣೆಯ ಮೇಲೆ ಬೆವರು. ಕಂಕುಳಲ್ಲಿ ಒಂದು ಪೇಪರ್ ಕವರು.

"ನಾನು ಮಾತಾಡೋಕೆ ಬಂದಿಲ್ಲ," ಎಂದರು ಉಸಿರು ಸಿಕ್ಕ ಕೂಡಲೇ. "ಇದು ಹಳೇ ಯೂನಿಫಾರಂ ಶರ್ಟು. ಒಂದು ಬಟನ್ ಬಿದ್ದುಹೋಗಿದೆ. ನೀನು ಹೊಲಿಯೋಳಲ್ವಾ? ಅದಕ್ಕೇ ಬಂದೆ. ಅಷ್ಟೇ."

ಅಮ್ಮ ಕವರಿನಿಂದ ಶರ್ಟು ತೆಗೆದಳು. ಖಾಕಿ ಬಣ್ಣ ಮಾಸಿತ್ತು, ಇಸ್ತ್ರಿ ಮಾತ್ರ ಗರಿಗರಿಯಾಗಿತ್ತು. ಬಿದ್ದ ಬಟನ್ನನ್ನು ಅಜ್ಜಿ ಆ ಶರ್ಟಿನ ಜೇಬಿನಲ್ಲೇ ಹಾಕಿ ತಂದಿದ್ದರು. ಅಮ್ಮ ಶರ್ಟು ನೋಡಿದಳು, ಬಟನ್ ನೋಡಿದಳು, ಅಜ್ಜಿಯ ಮಂಡಿ ನೋಡಿದಳು.

"ಒಳಗೆ ಬನ್ನಿ," ಎಂದಳು. ಕುರ್ಚಿಯ ಮೇಲಿದ್ದ ಯೂನಿಫಾರಮ್ಮುಗಳನ್ನೆಲ್ಲ ಬಾಚಿ ನೆಲಕ್ಕೆ ಹಾಕಿ, ಅದನ್ನು ಕಿಟಕಿಯ ಪಕ್ಕಕ್ಕೆ ಎಳೆದಳು. "ಕೂತ್ಕೊಳ್ಳಿ. ಸ್ವಲ್ಪ ಹೊತ್ತು ಹಿಡಿಯತ್ತೆ."

"ಎಷ್ಟು ಹೊತ್ತು?"

ಅಮ್ಮ ಬಟನ್ನನ್ನು ಬೆಳಕಿಗೆ ಹಿಡಿದು, ಅದೇನೋ ಭಾರಿ ಕಷ್ಟದ ಕೆಲಸ ಎಂಬಂತೆ ಹುಬ್ಬು ಗಂಟಿಕ್ಕಿದಳು. "ಒಂದು ಗಂಟೆಯಾದ್ರೂ ಬೇಕು."

ಗಿಲಕಿ ಕಣ್ಣರಳಿಸಿದಳು. ಒಂದು ಗಂಟೆಯೇ? ಅಷ್ಟರಲ್ಲಿ ಅಮ್ಮ ನಲವತ್ತು ಬಟನ್ ಹಾಕುತ್ತಾಳೆ, ನಡುವೆ ಒಂದು ಸಲ ಟೀಯನ್ನೂ ಮಾಡುತ್ತಾಳೆ!

ಅವಳು ಹತ್ತಿರ ಬಂದು ಶರ್ಟನ್ನು ಬಗ್ಗಿ ನೋಡಿದಳು. ಉಳಿದ ಬಟನ್ನುಗಳೆಲ್ಲ ಗಟ್ಟಿಯಾಗಿದ್ದವು. ಬಿದ್ದ ಬಟನ್ನಿನ ಜಾಗದಲ್ಲಿ ದಾರದ ತುದಿಗಳು ಇನ್ನೂ ನಿಂತಿದ್ದವು. ಸವೆದು ಹರಿದ ದಾರ ಹಾಗಿರುವುದಿಲ್ಲ. ಹೊಲಿಯುವ ಮನೆಯ ಮಗಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಅದು ಕತ್ತರಿಯಿಂದ ನೀಟಾಗಿ ಕತ್ತರಿಸಿದ ದಾರ. ಇವತ್ತೋ ನಿನ್ನೆಯೋ ಕತ್ತರಿಸಿದ್ದು.

"ಅಮ್ಮ, ಇದು—" ಎಂದಳು ಗಿಲಕಿ.

ಅಮ್ಮ ತಲೆಯೆತ್ತಿದಳು. ಅಜ್ಜಿ ಕಿಟಕಿಯಾಚೆ ಏನನ್ನೋ ತುಂಬ ಗಮನವಿಟ್ಟು ನೋಡತೊಡಗಿದರು. ಅಲ್ಲಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಗಿಲಕಿ ಅಮ್ಮನ ಮುಖ ನೋಡಿದಳು. ಅಮ್ಮನ ಹೆಬ್ಬೆರಳು ಆಗಲೇ ಆ ದಾರದ ತುದಿಗಳ ಮೇಲೆ ಮೆಲ್ಲಗೆ ಓಡಾಡುತ್ತಿತ್ತು.

"ಏನು?" ಎಂದಳು ಅಮ್ಮ.

"ಏನಿಲ್ಲ," ಎಂದಳು ಗಿಲಕಿ. "ಅಜ್ಜಿಗೆ ನೀರು ತರ್ತೀನಿ."

ಅವಳು ನೀರು ತಂದಾಗ ಅಮ್ಮ ದಾರದ ಡಬ್ಬಿ ತೆರೆದುಕೊಂಡು ಕೂತಿದ್ದಳು. ಈ ಖಾಕಿ ಸ್ವಲ್ಪ ಗಾಢವಾಯಿತು, ಈ ಖಾಕಿ ಸ್ವಲ್ಪ ತೆಳುವಾಯಿತು ಎಂದು ಒಂದೊಂದೇ ಉಂಡೆಯನ್ನು ಶರ್ಟಿನ ಪಕ್ಕ ಇಟ್ಟು ನೋಡುತ್ತಿದ್ದಳು. "ಈ ಶರ್ಟು ಹಾಕ್ಕೊಂಡ ಮೊದಲನೇ ದಿನ," ಎಂದು ಅಜ್ಜಿ ಶುರು ಮಾಡಿದ್ದರು, "ಸೀಟಿ ಊದಿ, ಹತ್ತೋದು ಮರೆತು ನಾನೇ ಕೆಳಗೆ ಉಳಿದುಬಿಟ್ಟೆ ಕಣಮ್ಮ. ಬಸ್ಸು ಮುಂದೆ, ನಾನು ಹಿಂದೆ ಓಟ..."

ಪುರ್ರ್ ಎಂದು ಅಮ್ಮ ನಕ್ಕಳು.

ಗಿಲಕಿ ಹೋಂವರ್ಕ್ ಪುಸ್ತಕ ತೆಗೆದುಕೊಂಡು ಒಳಗಿನ ಕೋಣೆಗೆ ಹೋದಳು. ಬಾಗಿಲನ್ನು ಸ್ವಲ್ಪ ಓರೆಯಾಗಿ ಬಿಟ್ಟಳು. ಕತೆ ಕೇಳಿಸಬೇಕಲ್ಲ.

ಐದೂಮುಕ್ಕಾಲಿಗೆ ಅವಳು ಇಣುಕಿ ನೋಡಿದಳು. ಅಮ್ಮ ಈಗ ಏನೋ ಹೇಳುತ್ತಿದ್ದಳು, ಕೈ ಆಡಿಸಿ ಆಡಿಸಿ. ಅಜ್ಜಿ ಕೋಲಿನ ಮೇಲೆ ಗಲ್ಲ ಊರಿ ಕೇಳುತ್ತಿದ್ದರು.

ಅಮ್ಮನ ಬೆರಳುಗಳ ನಡುವೆ ಇದ್ದ ಸೂಜಿಗೆ ಇನ್ನೂ ದಾರ ಪೋಣಿಸಿರಲಿಲ್ಲ.